ಗಂಟೆಗೊಂದು ಹನಿ: ನಟಾಮೈಸಿನ್ ಹುಡುಕುತ್ತಾ ಕಲಿತದ್ದು

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಸೂರತ್‌ನಿಂದ ಫೋನ್ ಬಂತು. ಅಲ್ಲಿನ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ ಕುಂದಾಪುರ ಕಡೆಯ ಹುಡುಗ. ತೆಂಗಿನಕಾಯಿ ಸುಲಿಯುವಾಗ ನಾರಿನ ಚೂರು ಎಡಗಣ್ಣಿಗೆ ಬಡಿದು ಹತ್ತು ದಿನವಾಗಿತ್ತು. "ಅಣ್ಣ, ಡಾಕ್ಟ್ರು ಬರೆದ ಹನಿ ಇಲ್ಲಿ ನಾಲ್ಕು ಅಂಗಡಿ ತಿರುಗಿದ್ರೂ ಇಲ್ಲ. ಅಹಮದಾಬಾದಲ್ಲಿ ಸಿಗ್ತದಾ?" ಎಂದು ಕೇಳಿದ.

ಸಂಘದ ವೈದ್ಯಕೀಯ ನೆರವಿನ ಕೆಲಸ ನೋಡಿಕೊಳ್ಳುವ ನನಗೆ ರಕ್ತ ಹೊಂದಿಸುವುದು, ಡಯಾಲಿಸಿಸ್ ಬಿಲ್ಲು, ಆಪರೇಷನ್ ಮುಂಗಡ ಇವೆಲ್ಲ ಗೊತ್ತು. ಒಂದು ಕಣ್ಣಿನ ಹನಿ ಏನು ಮಹಾ ಎಂದುಕೊಂಡೆ. ಫೋನಿನಲ್ಲೇ ಔಷಧದ ಹೆಸರು ಕೇಳಿಕೊಂಡು, ಸೂರತ್‌ಗೆ ಅಹಮದಾಬಾದಿಗಿಂತ ಹತ್ತಿರವೆಂದು ವಡೋದರಾದ ನಮ್ಮ ಸದಸ್ಯರೊಬ್ಬರಿಗೆ ಫೋನಿನಲ್ಲೇ ಹೇಳಿದೆ. ಅವರು ಅಂಗಡಿಯವನಿಗೆ ಗುಜರಾತಿಯಲ್ಲಿ ಹೇಳಿದರು. ಹೀಗೆ ಮೂರು ಬಾಯಿ ದಾಟಿದ ನಟಾಮೈಸಿನ್, ಅಂಗಡಿಯಿಂದ ಹೊರಬರುವಾಗ ನಿಯೋಮೈಸಿನ್ ಆಗಿತ್ತು.

ಸದಸ್ಯರು ರೈಲಿಗೆ ಹೊರಡುವ ಮುನ್ನ ಬಾಟಲಿಯ ಚಿತ್ರ ಕಳಿಸಿದರು. ಹುಡುಗ ಅದನ್ನು ತನ್ನ ವೈದ್ಯರಿಗೆ ತೋರಿಸಿದ್ದರಿಂದ ಕಣ್ಣು ಉಳಿಯಿತು. ಎರಡೂ ಹೆಸರಿನ ಬಾಲ ಒಂದೇ, ಕೆಲಸ ಬೇರೆ. ನಿಯೋಮೈಸಿನ್ ಬ್ಯಾಕ್ಟೀರಿಯಾದ ಔಷಧ, ಶಿಲೀಂಧ್ರವನ್ನು ಅದು ಮುಟ್ಟುವುದಿಲ್ಲ. ಸಾಲದ್ದಕ್ಕೆ ಆ ಬಾಟಲಿಯಲ್ಲಿ ಸ್ಟೀರಾಯ್ಡ್ ಕೂಡ ಬೆರೆತಿತ್ತು. ಶಿಲೀಂಧ್ರದ ಹುಣ್ಣಿಗೆ ಸ್ಟೀರಾಯ್ಡ್ ಬಿಟ್ಟರೆ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ. ಒಳಗೆ ಬೂಸ್ಟು ಹಬ್ಬುತ್ತಿರುತ್ತದೆ. ಆ ಹುಡುಗ ಪೆಟ್ಟು ಬಿದ್ದ ಮೊದಲ ವಾರ ಯಾರೋ ಕೊಟ್ಟ 'ಕೆಂಗಣ್ಣಿನ ಹನಿ' ಬಿಟ್ಟುಕೊಂಡಿದ್ದ. ಅದರಲ್ಲೂ ಸ್ಟೀರಾಯ್ಡ್ ಇತ್ತೆಂದು ಆಮೇಲೆ ತಿಳಿಯಿತು.

ಅಂದಿನಿಂದ ನಮ್ಮಲ್ಲಿ ಔಷಧದ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಚೀಟಿಯ ಚಿತ್ರ ಹೋಗಬೇಕು, ಕೊಳ್ಳುವ ಮೊದಲು ಬಾಟಲಿಯ ಚಿತ್ರ ವಾಪಸ್ ಬರಬೇಕು.

ಈ ಔಷಧದ ಬಗ್ಗೆ ಸ್ವಲ್ಪ ಓದಿದೆ. ನಾನು ವೈದ್ಯನಲ್ಲ, ತಿಳಿದಷ್ಟು ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಇದನ್ನು ಬೇರ್ಪಡಿಸಿದರು. ಹೆಸರಿನಲ್ಲಿ ಆ ಊರು ಉಳಿದಿದೆ. ಚೀಸ್‌ನ ಮೇಲೆ ಬೂಸ್ಟು ಹಿಡಿಯದಂತೆ ಸವರುವುದೂ ಇದನ್ನೇ! ಕಣ್ಣಿಗೆ ಬಳಸುವುದು ಶೇಕಡಾ 5ರ ಹನಿ. ಹೊಲಗದ್ದೆಯಲ್ಲಿ, ಅಡುಗೆಮನೆಯಲ್ಲಿ ಎಲೆ, ಹೊಟ್ಟು, ನಾರು, ಕಡ್ಡಿ ತಾಗಿ ಕಾರ್ನಿಯಾದಲ್ಲಿ ಏಳುವ ಶಿಲೀಂಧ್ರದ ಹುಣ್ಣಿಗೆ ಇದು ಮೊದಲ ಮದ್ದು. ಹೊಸದಾದ, ದುಬಾರಿಯಾದ ವೊರಿಕೊನಜೋಲ್ ಇದಕ್ಕಿಂತ ಮೇಲೇ ಎಂದು ತಿಳಿಯಲು ತಮಿಳುನಾಡಿನ ಮದುರೈ, ಕೊಯಮತ್ತೂರು ಮತ್ತು ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2013ರಲ್ಲಿ ಫಲಿತಾಂಶ ಬಂದಾಗ ಗೆದ್ದದ್ದು ಹಳೆಯ ನಟಾಮೈಸಿನ್. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗಿದ್ದೂ ಬೀದಿ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ? ಕೇಳುವವರು ಅಪರೂಪ, ಇಟ್ಟ ಸರಕು ಅವಧಿ ಮೀರಿ ಹೋಗುತ್ತದೆ, ಅಂಗಡಿಯವನಿಗೆ ನಷ್ಟ. ಆದ್ದರಿಂದ ಅಂಗಡಿ ಅಂಗಡಿ ಅಲೆಯುವುದು ವ್ಯರ್ಥ. ದೊಡ್ಡ ಕಣ್ಣಾಸ್ಪತ್ರೆಯೊಳಗಿನ ಔಷಧದಂಗಡಿಯಲ್ಲಿ ಮೊದಲು ಕೇಳಬೇಕು, ಇಲ್ಲದಿದ್ದರೆ ಸಗಟು ವಿತರಕರಲ್ಲಿ. ಅಹಮದಾಬಾದಿನ ಅಸಾರ್ವಾದ ಎಂ. ಅಂಡ್ ಜೆ. ನೇತ್ರ ಸಂಸ್ಥೆ, ವಡೋದರಾದ ಎಸ್‌ಎಸ್‌ಜಿ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆ, ಈ ಮೂರರ ದಾರಿ ನಮ್ಮ ಸದಸ್ಯರಿಗೆ ಗೊತ್ತಿರಲಿ. ಭಾನುವಾರ ವಿತರಕರ ಬಾಗಿಲು ಮುಚ್ಚಿರುತ್ತದೆ. ನಮ್ಮ ಬಾಟಲಿ ಸೋಮವಾರ ಬೆಳಿಗ್ಗೆ ಅಹಮದಾಬಾದಿನಲ್ಲಿ ಸಿಕ್ಕಿ, ಸದಸ್ಯರೊಬ್ಬರ ಕೈಚೀಲದಲ್ಲಿ ಮಧ್ಯಾಹ್ನ ಸೂರತ್ ತಲುಪಿತು.

ಅಲ್ಲಿಗೆ ಮುಗಿಯಿತೆಂದು ತಿಳಿದದ್ದು ನನ್ನ ಎರಡನೇ ತಪ್ಪು. ವೈದ್ಯರು ಬರೆದದ್ದು ಹಗಲೂ ರಾತ್ರಿ ಗಂಟೆಗೊಂದು ಹನಿ. ಲೆಕ್ಕ ನೋಡಿ: 1 ಮಿಲಿಗೆ ಸುಮಾರು 20 ಹನಿ, 5 ಮಿಲಿ ಬಾಟಲಿಗೆ 100. ದಿನಕ್ಕೆ 24ರಂತೆ ನಾಲ್ಕು ದಿನಕ್ಕೆ ಬಾಟಲಿ ಖಾಲಿ. ಕೆನ್ನೆಗೆ ಜಾರಿದ್ದು ಸೇರಿದರೆ ಮೂರೇ ದಿನ. ಬಾಟಲಿ 3 ಮಿಲಿಯದಾದರೆ ಎರಡೂವರೆ ದಿನವೂ ಬಾರದು. ಸುಧಾರಿಸಿದ ಮೇಲೆ ವೈದ್ಯರು ದಿನಕ್ಕೆ ಆರೆಂಟು ಹನಿಗೆ ಇಳಿಸುತ್ತಾರಾದರೂ ಒಟ್ಟು ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬಿಡಬೇಕು. ಗುರುವಾರ ರಾತ್ರಿ ಹುಡುಗ ಮತ್ತೆ ಫೋನ್ ಮಾಡಿದಾಗ ಬಾಟಲಿಯಲ್ಲಿ ಬೆಳಗಿನವರೆಗೆ ಸಾಕಾಗುವಷ್ಟು ಮಾತ್ರ ಇತ್ತು. ಈಗ ಮೊದಲ ಬಾಟಲಿ ಕೊಳ್ಳುವ ದಿನವೇ ಎರಡನೆಯದಕ್ಕೆ ಹೇಳಿಡುತ್ತೇವೆ. ಅವನಿಗೆ ಒಟ್ಟು ಐದು ಬೇಕಾದವು.

ರಾತ್ರಿಯಿಡೀ ಹನಿ ಬಿಡುವವರಾರು? ಅವನ ಕೋಣೆಯಲ್ಲಿದ್ದ ಮೂವರು ಹೋಟೆಲ್ ಹುಡುಗರು ಪಾಳಿ ಹಾಕಿಕೊಂಡರು. ಬೆಳಗಿನ ನಾಲ್ಕಕ್ಕೆ ಇಡ್ಲಿ ಬೇಯಿಸಲು ಏಳುವವನಿಗೆ ಎರಡರಿಂದ ನಾಲ್ಕರ ಪಾಳಿ ಸಿಕ್ಕಿತ್ತು. ಈ ಔಷಧದಲ್ಲಿ ಪುಡಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಪ್ರತಿ ಸಲವೂ ಬಾಟಲಿ ಚೆನ್ನಾಗಿ ಕುಲುಕಬೇಕು, ಇಲ್ಲವಾದರೆ ಕಣ್ಣಿಗೆ ಬೀಳುವುದು ಬರೀ ನೀರು. ಮೂತಿ ರೆಪ್ಪೆಗೆ ತಾಗಬಾರದು. ಒಲೆಯ ಬಳಿ, ಬಿಸಿಲಿನಲ್ಲಿ ಇಡಬಾರದು, ಫ್ರೀಜರಿನಲ್ಲೂ ಬೇಡ. ಕಾಗದದಲ್ಲಿ ಗಂಟೆಗಳನ್ನು ಬರೆದು ಗೋಡೆಗೆ ಅಂಟಿಸಿದ್ದರು. ಆ ಕಾಗದದ ಚಿತ್ರ ನನ್ನ ಫೋನಿನಲ್ಲಿ ಇನ್ನೂ ಇದೆ.

ಹುಣ್ಣು ಆಳಕ್ಕಿಳಿದಿದ್ದರೆ ನಟಾಮೈಸಿನ್ ಅಲ್ಲಿಯವರೆಗೆ ಹೋಗುವುದು ಕಷ್ಟ. ಆಗ ವೈದ್ಯರು ಆಂಫೊಟೆರಿಸಿನ್‌ನಂಥ ಇಂಜೆಕ್ಷನ್ ಔಷಧದಿಂದ ಹನಿ ತಯಾರಿಸಲು ಬರೆಯಬಹುದು. ಅದನ್ನು ಆಸ್ಪತ್ರೆಯ ಔಷಧ ವಿಭಾಗದಲ್ಲೇ ಮಾಡಿಸಬೇಕು. ಸಲೈನ್‌ನಲ್ಲಿ ಬೆರೆಸಿದರೆ ಅದು ಒಡೆದು ಕೆಳಗೆ ಕೂರುತ್ತದೆ. ಇಂಜೆಕ್ಷನ್ ತಂದುಕೊಟ್ಟರೆ ನಾವೇ ಬೆರೆಸಿಕೊಳ್ಳುತ್ತೇವೆ ಎನ್ನುವವರಿಗೆ ನಾವು ಕೊಡಿಸುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. "ನಮ್ಮ ಮನೆಯಲ್ಲಿ ಅರ್ಧ ಬಾಟಲಿ ಉಳಿದಿದೆ, ಬೇಕೇ?" ಎಂದು ಪ್ರೀತಿಯಿಂದ ಕೇಳುವವರಿದ್ದಾರೆ. ತೆರೆದ ಹನಿಯನ್ನು ಇನ್ನೊಬ್ಬರ ಕಣ್ಣಿಗೆ ಬಿಡುವಂತಿಲ್ಲ, ದಯವಿಟ್ಟು ಎಸೆಯಿರಿ. ಬಾಟಲಿಯ ಬೆಲೆ ನಿಧಿಗೆ ಹೊರೆಯೇನಲ್ಲ. ನಮಗೆ ಕೊರತೆಯಿರುವುದು ಓಡಾಡುವ ಜನರದ್ದು. ಹೊತ್ತಲ್ಲದ ಹೊತ್ತಿನಲ್ಲಿ ಸ್ಟೇಷನ್‌ಗೆ ಹೋಗಬಲ್ಲ ಇಬ್ಬರು ವಡೋದರಾದಲ್ಲಿ, ರೋಗಿಯ ಕೋಣೆ ತನಕ ಹೋಗಿ ಬರಬಲ್ಲ ಇಬ್ಬರು ಸೂರತ್‌ನಲ್ಲಿ ಬೇಕಾಗಿದ್ದಾರೆ.

ಹುಡುಗನ ಹುಣ್ಣು ಐದನೇ ವಾರಕ್ಕೆ ಮಾಗಿತು. ಕಣ್ಣಗುಡ್ಡೆಯ ಮೇಲೆ ಬಿಳಿ ಕಲೆ ಉಳಿದಿದೆ, ಎಡಗಣ್ಣಿಗೆ ಎದುರು ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರ್ನಿಯಾ ಕಸಿಯ ಮಾತನ್ನು ಕೆಲವು ತಿಂಗಳು ಕಳೆದ ಮೇಲೆ ನೋಡೋಣ ಎಂದಿದ್ದಾರೆ ವೈದ್ಯರು. ಅದಕ್ಕಾಗಿ ಬೇರೆ ಕಡತ ತೆರೆದಿದ್ದೇವೆ. ಅವನು ಮತ್ತೆ ಅದೇ ಅಡುಗೆಮನೆಯಲ್ಲಿದ್ದಾನೆ. ಕಾಯಿ ಸುಲಿಯುವಾಗ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳುತ್ತಾನಂತೆ.