ತೊಳೆಯಲು ಸುಲಭವಾದ ಒಲೆ: ಆರಿಸುವ ಬಗೆ

ಭತ್ತದ ತಳಿ ಆರಿಸುವಾಗ ನಮ್ಮ ರೈತರು ಹತ್ತು ಬಾರಿ ಯೋಚಿಸುತ್ತಾರೆ. ಇಳುವರಿ ಎಷ್ಟು, ಬೆಂಕಿ ರೋಗ ತಡೆಯುತ್ತದೆಯೇ, ಹುಲ್ಲು ದನಗಳಿಗೆ ಆಗುತ್ತದೆಯೇ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾರೆ. ಆದರೆ ಮನೆಗೆ ಒಲೆ ಕೊಳ್ಳುವಾಗ ಅಂಗಡಿಯಲ್ಲಿ ಹೊಳೆಯುವುದನ್ನೇ ಕಟ್ಟಿಸಿಕೊಂಡು ಬರುವುದುಂಟು. ದಿನವೂ ಅದರ ಮುಂದೆ ನಿಂತು ಅಡಿಗೆ ಮಾಡಿ, ರಾತ್ರಿ ಅದನ್ನು ಒರೆಸಿ ಮಲಗುವವರನ್ನು ಕೇಳುವುದು ಕಡಿಮೆ.

ನಂಜನಗೂಡು ತಾಲ್ಲೂಕಿನ ಹದಿನಾರಿಗೆ ಭತ್ತದ ಗದ್ದೆ ನೋಡಲು ಹೋಗಿದ್ದಾಗ ಒಂದು ಮನೆಯಲ್ಲಿ ಗಾಜಿನ ಮೇಲ್ಮೈಯ ಹೊಸ ಗ್ಯಾಸ್ ಒಲೆ ಪೆಟ್ಟಿಗೆಯ ಸಮೇತ ಅಟ್ಟದ ಮೇಲಿತ್ತು. ಕೆಳಗೆ ಹಳೆಯ ಸ್ಟೀಲ್ ಒಲೆಯೇ ಉರಿಯುತ್ತಿತ್ತು. “ಯಾಕಮ್ಮ, ಹೊಸದನ್ನು ಇಳಿಸಲಿಲ್ಲವೇ?” ಎಂದು ಕೇಳಿದೆ. “ಒರೆಸೋಕೇನೋ ಸಲೀಸು ಸಾರ್. ಆದ್ರೆ ಗಾಜಿನ ಮೇಲೆ ಹಿಟ್ಟು ತಿರುವೋಕೆ ಧೈರ್ಯ ಬರಲ್ಲ” ಎಂದರು ಆ ಮನೆಯ ತಾಯಿ. ಹಳೆಯ ಒಲೆಯ ಉರಿ ಹಳದಿಯಾಗಿತ್ತು, ಪಾತ್ರೆಗಳ ತಳ ಕಪ್ಪಾಗಿತ್ತು. ಒಂದು ಒಲೆ ತೊಳೆಯಲು ಸುಲಭ, ಆದರೆ ಆ ಮನೆಯ ಅಡಿಗೆಗೆ ಒಗ್ಗದು. ಇನ್ನೊಂದು ಅಡಿಗೆಗೆ ಒಗ್ಗುತ್ತದೆ, ಆದರೆ ಶುಚಿಯಿಲ್ಲದೆ ಕೆಟ್ಟಿದೆ. ಎರಡೂ ಗುಣಗಳಿರುವ ಒಲೆಯನ್ನು ಆರಿಸುವುದು ಹೇಗೆಂದು ನೋಡೋಣ.

ಕೊಳೆಯಿಂದ ಆಗುವ ನಷ್ಟ

ಅನ್ನದ ಎಸರು, ಹಾಲು, ರಾಗಿ ಅಂಬಲಿ ಉಕ್ಕಿ ಚೆಲ್ಲಿದಾಗ ಅದರಲ್ಲಿರುವ ಪಿಷ್ಟ ಹಾಗೂ ಸಸಾರಜನಕ ಪದಾರ್ಥಗಳು ಬಿಸಿಗೆ ಒಣಗಿ ಅಂಟಾಗುತ್ತವೆ. ಮತ್ತೆ ಮತ್ತೆ ಕಾದಾಗ ಕರಿಕಾಗಿ ಗಟ್ಟಿಯಾಗುತ್ತವೆ. ಚೆಲ್ಲಿದ ದಿನವೇ ಒದ್ದೆ ಬಟ್ಟೆಯಿಂದ ಹೋಗುವ ಕೊಳೆಗೆ ವಾರದ ನಂತರ ಕತ್ತಿ ಬೇಕಾಗುತ್ತದೆ.

ಈ ಅಂಟು ಬರ್ನರಿನ ರಂಧ್ರಗಳನ್ನು ಮುಚ್ಚಿದರೆ ಗ್ಯಾಸು ಮತ್ತು ಗಾಳಿ ಸರಿಯಾಗಿ ಬೆರೆಯುವುದಿಲ್ಲ. ನೀಲಿಯಾಗಿರಬೇಕಾದ ಉರಿ ಹಳದಿಯಾಗುತ್ತದೆ. ಇಂಧನ ಪೂರ್ತಿ ಉರಿಯದೆ ಮಸಿಯೂ, ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹೊರಬರುತ್ತವೆ. ಹೀಗೆ ಒಲೆಯ ಕೊಳೆಯಿಂದ ಸಿಲಿಂಡರು ಬೇಗ ಮುಗಿಯುತ್ತದೆ, ಪಾತ್ರೆ ತಿಕ್ಕುವ ಕೆಲಸ ಹೆಚ್ಚುತ್ತದೆ, ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಪ್ರಾಣಕ್ಕೂ ಅಪಾಯವಿದೆ.

ಮೇಲ್ಮೈ ಯಾವುದಿರಬೇಕು?

ಗಾಜು: ಸಂದುಗಳಿಲ್ಲದ ಕಾರಣ ಒಂದೇ ಬಾರಿ ಒರೆಸಿದರೆ ಶುಚಿಯಾಗುತ್ತದೆ. ಹದಗೊಳಿಸಿದ ಗಾಜಾದರೂ ಭಾರವಾದ ಪಾತ್ರೆ ಬಡಿದರೆ, ಕಾದಿರುವಾಗ ತಣ್ಣೀರು ಬಿದ್ದರೆ ಪುಡಿಯಾಗಬಹುದು. ಕುಕ್ಕರ್, ಸಾರು, ಕಾಫಿಯಲ್ಲಿ ಅಡಿಗೆ ಮುಗಿಯುವ ಸಣ್ಣ ಸಂಸಾರಕ್ಕೆ ಇದು ಆದೀತು.

ಸ್ಟೇನ್‌ಲೆಸ್ ಸ್ಟೀಲ್: ಗೀರು ಬೀಳುತ್ತದೆ, ಹೊಳಪು ಕುಂದುತ್ತದೆ, ಆದರೆ ಒಡೆಯುವುದಿಲ್ಲ, ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ದೊಡ್ಡ ತಪ್ಪಲೆ, ಕೂಲಿಯಾಳುಗಳಿಗೂ ಸೇರಿಸಿ ಬೇಯಿಸುವ ಅಡಿಗೆ, ದಿನವೂ ಮುದ್ದೆ ಇರುವ ಮನೆಗೆ ಇದೇ ಸೂಕ್ತ. ಹುಣಿಸೆ, ಉಪ್ಪು ಬಿದ್ದರೆ ಅಂದೇ ಒರೆಸಬೇಕು.

ಇಂಡಕ್ಷನ್ ಒಲೆ: ಇಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ಚೆಲ್ಲಿದ್ದು ಅಷ್ಟಾಗಿ ಕರಿಕಾಗುವುದಿಲ್ಲ. ತೊಳೆಯಲು ಇದರಷ್ಟು ಸುಲಭವಾದುದು ಬೇರಿಲ್ಲ. ಆದರೆ ಅಯಸ್ಕಾಂತ ಹಿಡಿಯುವ, ಚಪ್ಪಟೆ ತಳದ ಪಾತ್ರೆ ಬೇಕು. ಬರಿಯ ಅಲ್ಯೂಮಿನಿಯಂ, ಹಿತ್ತಾಳೆ, ಮಣ್ಣಿನ ಪಾತ್ರೆಗಳು ನಡೆಯವು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದನ್ನು ಎರಡನೆಯ ಒಲೆಯಾಗಿ ಮಾತ್ರ ಇಟ್ಟುಕೊಳ್ಳಬಹುದು.

ಅಂಗಡಿಯಲ್ಲಿ ಗಮನಿಸಬೇಕಾದ ಅಂಶಗಳು

1. ಐ.ಎಸ್.ಐ. ಗುರುತು ಇರಲಿ. ಮನೆಬಳಕೆಯ ಗ್ಯಾಸ್ ಒಲೆಗೆ ಐ.ಎಸ್. 4246 ಎಂಬ ಮಾನಕವಿದೆ. ಅದರಂತೆ ಒಲೆಯ ಉಷ್ಣ ದಕ್ಷತೆ ಶೇಕಡ 68 ಕ್ಕೆ ಕಡಿಮೆ ಇರಬಾರದು.

2. ಬರ್ನರ್ ಕೈಯಿಂದಲೇ ಎತ್ತಿ ತೆಗೆಯಲು ಬರಬೇಕು. ಹಿತ್ತಾಳೆಯದಾದರೆ ತುಕ್ಕಿನ ಭಯವಿಲ್ಲ.

3. ಬರ್ನರಿನ ಸುತ್ತ ಚೆಲ್ಲಿದ್ದನ್ನು ಹಿಡಿಯುವ ತಟ್ಟೆಯಿದ್ದು, ಅದೂ ಬಿಚ್ಚಿ ತೊಳೆಯುವಂತಿರಬೇಕು.

4. ಮೇಲ್ಮೈಯಲ್ಲಿ ತಿರುಪುಗಳು, ಚೂಪು ಮೂಲೆಗಳು, ಮಡಿಕೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಬೆರಳಾಡಿಸಿ ನೋಡಿ, ಬೆರಳು ಹೋಗದ ಕಡೆ ಬಟ್ಟೆಯೂ ಹೋಗದು.

5. ಪಾತ್ರೆ ಕೂರುವ ಕಂಬಿ ದಪ್ಪವಾಗಿರಲಿ. ಎನಾಮಲ್ ಲೇಪ ಎದ್ದಿದ್ದರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.

6. ನಿಮ್ಮ ಮನೆಯ ದೊಡ್ಡ ಪಾತ್ರೆಯ ಅಗಲವನ್ನು ದಾರದಿಂದ ಅಳೆದುಕೊಂಡು ಹೋಗಿ. ಎರಡು ಬರ್ನರುಗಳ ನಡುವೆ ಅಂತರ ಸಾಲದಿದ್ದರೆ ಒಂದರ ಎಸರು ಇನ್ನೊಂದರ ಮೇಲೆ ಉಕ್ಕುತ್ತದೆ.

7. ಗೋಬರ್ ಅನಿಲ ಸ್ಥಾವರ ಇರುವವರು ಅದಕ್ಕೆಂದೇ ತಯಾರಿಸಿದ ಒಲೆ ಕೊಳ್ಳಬೇಕು. ಸಿಲಿಂಡರಿನ ಒಲೆಯನ್ನು ಹಾಗೆಯೇ ಅದಕ್ಕೆ ಜೋಡಿಸಿದರೆ ಸರಿಯಾಗಿ ಉರಿಯದು.

ಮುದ್ದೆಯ ವಿಚಾರ: ಯಾವ ಒಲೆಯಾದರೂ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೋಲಿನಿಂದ ಬಲವಾಗಿ ತಿರುವಬಾರದು. ಕೆಳಗಿಳಿಸಿ ಸಿಂಬೆಯ ಮೇಲಿಟ್ಟು ತಿರುವಿ, ಬೇಕಾದರೆ ಸಣ್ಣ ಉರಿಗೆ ಮತ್ತೆ ಏರಿಸಿ. ಒಲೆಯೂ ಉಳಿಯುತ್ತದೆ, ಬೆನ್ನಿಗೆ ಹೆಗಲಿಗೆ ಹಿಡಿತವೂ ಸಿಗುತ್ತದೆ.

ಹಿತ್ತಲಿನ ಸೌದೆ ಒಲೆ

ಗ್ಯಾಸ್ ಬಂದರೂ ಸ್ನಾನದ ನೀರಿಗೆ, ಹಬ್ಬದ ಅಡಿಗೆಗೆ ಹತ್ತಿಕಡ್ಡಿ, ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ ಉರಿಸುವುದು ನಂಜನಗೂಡು, ತಿರುಮಕೂಡಲು ನರಸೀಪುರ ಕಡೆಯ ಮನೆಗಳಲ್ಲಿ ನಿಂತಿಲ್ಲ. ಇದಕ್ಕೆ ಹೊಗೆ ಕೊಳವೆಯ ಒಲೆಯೇ ಲೇಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು 1980 ರ ದಶಕದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ಯನ್ನು ಹಿರಿಯರು ನೆನೆಯಬಹುದು. ಸೌದೆ ಕಡಿಮೆ, ಹೊಗೆ ಮನೆಯಿಂದಾಚೆಗೆ. ಆದರೆ ಇಂಥ ಒಲೆಯ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಒಳಕ್ಕೇ ತಿರುಗುತ್ತದೆ. ಕಟ್ಟಿಸುವಾಗಲೇ ಕೈಗೆಟಕುವಂತೆ ಮಸಿ ತೆಗೆಯುವ ಕಿಂಡಿ ಬಿಡಿಸಿ, ಕ್ರಮವಾಗಿ ತೆಗೆಯಿರಿ.

ತೊಳೆಯುವ ಕ್ರಮ

ಮೊದಲು ರೆಗ್ಯುಲೇಟರ್ ಮುಚ್ಚಿ, ಒಲೆ ಆರಲು ಬಿಡಿ. ಕರಿಕಾದ ಕಡೆ ಬಿಸಿನೀರಿನ ಬಟ್ಟೆ ಹಾಸಿ ಅರ್ಧ ಗಂಟೆ ನೆನೆಸಿದರೆ ಉಜ್ಜುವ ಶ್ರಮ ಇಳಿಯುತ್ತದೆ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ, ನಿಜ. ಆದರೆ ಅದು ಗಾಜನ್ನು ಗೀರುತ್ತದೆ, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಆದ್ದರಿಂದ ಇವೆರಡಕ್ಕೂ ಮೆತ್ತನೆಯ ಬಟ್ಟೆ, ಸಾಬೂನು ನೀರು ಸಾಕು. ಹಿತ್ತಾಳೆ ಬರ್ನರನ್ನು ಹುಣಿಸೆ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ತಿಕ್ಕಿ, ಚೆನ್ನಾಗಿ ತೊಳೆಯಿರಿ. ರಂಧ್ರಗಳನ್ನು ತೆಳುವಾದ ಸೂಜಿಯಿಂದ ಬಿಡಿಸಿ. ಮೊಳೆ ತೂರಿಸಿ ಅಗಲ ಮಾಡಬೇಡಿ. ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಒಳಗಿನ ಜೆಟ್ಟನ್ನು ನೀವು ಮುಟ್ಟದೆ ಮೆಕ್ಯಾನಿಕ್‌ಗೆ ಬಿಡಿ. ಇಷ್ಟಾದರೂ ಉರಿ ಹಳದಿಯಾಗಿದ್ದರೆ ಆಗಲೂ ಅವರನ್ನೇ ಕರೆಸಿ.

ಹದಿನಾರಿನ ಆ ಮನೆಯಲ್ಲಿ ಹಳೆಯ ಒಲೆಯ ಬರ್ನರುಗಳನ್ನು ಹೀಗೆಯೇ ಶುಚಿ ಮಾಡಿಸಿದಾಗ ನೀಲಿ ಉರಿ ಬಂತು. ಆ ತಾಯಿ ಎರಡು ವರ್ಷದಿಂದ ತಿಕ್ಕಿದ್ದ ಮಸಿಗೆ ಕಾರಣ ಗ್ಯಾಸಾಗಿರಲಿಲ್ಲ, ಮುಚ್ಚಿಹೋಗಿದ್ದ ರಂಧ್ರಗಳಾಗಿದ್ದವು. ರೈತ ಬಾಂಧವರಲ್ಲಿ ಒಂದೇ ಮನವಿ: ಮುಂದಿನ ಬಾರಿ ಒಲೆ ಕೊಳ್ಳಲು ಪೇಟೆಗೆ ಹೊರಟಾಗ ಒಬ್ಬರೇ ಹೋಗಬೇಡಿ. ಅದನ್ನು ತೊಳೆಯುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆರಿಸುವ ಮಾತು ಅವರದಾಗಲಿ.