ಡೀಸೆಲ್ ಪಿಕಪ್ ಗಾಡಿಗಳಲ್ಲಿ ಫಿಲ್ಟರು ಬದಲಾಯಿಸುವ ಕ್ರಮ

ಬೆಳೆಯನ್ನು ಬೆಳೆಯುವುದು ವ್ಯವಸಾಯದ ಅರ್ಧ ಭಾಗ; ಅದನ್ನು ಕೆಡದಂತೆ ಸಕಾಲದಲ್ಲಿ ಪೇಟೆಗೆ ಮುಟ್ಟಿಸುವುದು ಉಳಿದರ್ಧ. ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಈ ಕಾರ್ಯವನ್ನು ಈಗ ಅನೇಕ ಗ್ರಾಮಗಳಲ್ಲಿ ಡೀಸೆಲ್ ಪಿಕಪ್ ಗಾಡಿಗಳು ನಿರ್ವಹಿಸುತ್ತಿವೆ. ಕೋಲಾರದ ಮಂಡಿಗೆ ಟೊಮೇಟೊ ಹೇರಿಕೊಂಡು ಹೊರಟ ಗಾಡಿಯು ನಡುದಾರಿಯಲ್ಲಿ ನಿಂತುಹೋದರೆ ಹರಾಜಿನ ಹೊತ್ತು ಮೀರುವುದು, ಹಣ್ಣು ಮೆತ್ತಗಾಗುವುದು, ಆ ದಿನದ ಧಾರಣೆ ಕೈತಪ್ಪುವುದು. ಹೀಗೆ ಗಾಡಿ ನಿಲ್ಲುವುದಕ್ಕೆ ಇರುವ ಕಾರಣಗಳಲ್ಲಿ ಒಂದು, ಡೀಸೆಲ್ ಫಿಲ್ಟರನ್ನು ಅಲಕ್ಷ್ಯ ಮಾಡಿರುವುದೇ ಆಗಿದೆ. ಎತ್ತಿನ ಹೆಗಲು ಹುಣ್ಣಾಗದಂತೆ ಕಾಯುವ ಯಜಮಾನರು ಗಾಡಿಯ ಈ ಅಂಗವನ್ನೂ ಅದೇ ಶ್ರದ್ಧೆಯಿಂದ ನೋಡಿಕೊಳ್ಳತಕ್ಕದ್ದು.

1. ಫಿಲ್ಟರಿನ ಕೆಲಸ

ಡೀಸೆಲ್ ಇಂಜಿನಿನಲ್ಲಿ ಗಾಳಿಯನ್ನು ಬಲವಾಗಿ ಅದುಮಿ ಕಾಯಿಸಿ, ಆ ಬಿಸಿಗಾಳಿಯೊಳಕ್ಕೆ ಡೀಸೆಲನ್ನು ಹನಿಹನಿಯಾಗಿ ಸಿಂಪಡಿಸಲಾಗುವುದು. ಸಿಂಪಡಿಸುವ ಅಂಗಕ್ಕೆ ಇಂಜೆಕ್ಟರೆಂದು ಹೆಸರು. ಈಚಿನ ಕಾಮನ್ ರೈಲ್ ಇಂಜಿನುಗಳಲ್ಲಿ ಡೀಸೆಲಿನ ಒತ್ತಡವು ವಾಯುಮಂಡಲದ ಒತ್ತಡದ 1,000 ಪಾಲನ್ನೂ ಮೀರಿರುತ್ತದೆ. ಇಂಜೆಕ್ಟರಿನೊಳಗೆ ಚಲಿಸುವ ಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನುಗಳಷ್ಟು. ಒಂದು ಮೈಕ್ರಾನೆಂದರೆ ಒಂದು ಮಿಲಿಮೀಟರಿನ 1,000ದಲ್ಲಿ ಒಂದು ಪಾಲು. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಸಾಣೆಕಲ್ಲಿನಂತೆ ಲೋಹವನ್ನು ಸವೆಸುವುದು.

ಫಿಲ್ಟರಿಗೆ ಎರಡು ಕೆಲಸಗಳುಂಟು. ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದವು ಧೂಳನ್ನು ತಡೆಯುವುದು ಒಂದು; ಡೀಸೆಲಿನೊಡನೆ ಬಂದ ನೀರನ್ನು ಬೇರ್ಪಡಿಸಿ ತಳದಲ್ಲಿ ನಿಲ್ಲಿಸುವುದು ಇನ್ನೊಂದು. ನೀರು ಡೀಸೆಲಿಗಿಂತ ಭಾರವಾದ್ದರಿಂದ ಕೆಳಗಿಳಿಯುವುದು. ಈ ನೀರು ಇಂಜೆಕ್ಟರನ್ನು ಸೇರಿದರೆ ತುಕ್ಕು ಹಿಡಿಯುವುದಲ್ಲದೆ, ಡೀಸೆಲಿನಿಂದ ದೊರೆಯತಕ್ಕ ಜಿಡ್ಡೂ ತಪ್ಪಿ ಲೋಹಕ್ಕೆ ಲೋಹ ಉಜ್ಜುವುದು.

2. ಬದಲಾಯಿಸತಕ್ಕ ಕಾಲ

ಗಾಡಿಯೊಡನೆ ಕೊಡುವ ಕೈಪಿಡಿಯಲ್ಲಿ ಎಷ್ಟು ಕಿಲೋಮೀಟರಿಗೆ ಫಿಲ್ಟರು ಬದಲಾಯಿಸಬೇಕೆಂದು ನಮೂದಿಸಿರುತ್ತದೆ, ಅದನ್ನು ಮೀರಬಾರದು. ಡ್ರಮ್ಮಿನ ಡೀಸೆಲನ್ನು ಬಳಸುವವರು ಅದಕ್ಕೂ ಮುಂಚೆಯೇ ಬದಲಾಯಿಸುವುದು ಲೇಸು. ಹೊರೆ ಹೇರಿ ದಿಣ್ಣೆ ಹತ್ತುವಾಗ ಶಕ್ತಿ ಕುಂದುವುದು, ಬೆಳಗಿನ ಹೊತ್ತು ಸುಲಭವಾಗಿ ಚಾಲೂ ಆಗದಿರುವುದು, ಓಡುತ್ತ ಓಡುತ್ತ ಮುಗ್ಗರಿಸುವುದು, ಇವು ಫಿಲ್ಟರು ಕಟ್ಟಿಕೊಂಡಿರುವುದರ ಲಕ್ಷಣಗಳು. ಕೊಳವೆಯೊಳಕ್ಕೆ ಗಾಳಿ ಹೊಕ್ಕಾಗಲೂ ಹೀಗೆಯೇ ಆಗುವುದರಿಂದ ಕೊಳವೆಗಳ ಕೂಡುಗಳನ್ನೂ ಪರೀಕ್ಷಿಸತಕ್ಕದ್ದು. ನೀರಿನ ಸೂಚನೆಯ ದೀಪವು ಹತ್ತಿದರೆ ಕೂಡಲೆ ಗಾಡಿಯನ್ನು ನಿಲ್ಲಿಸಿ, ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ಶುದ್ಧವಾದ ಡೀಸೆಲು ಬರುವ ತನಕ ನೀರನ್ನು ಇಳಿಸಬೇಕು.

3. ಬದಲಾಯಿಸುವ ಕ್ರಮ

ತಿರುಗಿಸಿ ಕೂಡಿಸುವ ಡಬ್ಬಿಯಾಕಾರದ ಫಿಲ್ಟರಿಗೆ ಈ ಕ್ರಮವು ಅನ್ವಯಿಸುತ್ತದೆ.

(1) ಗಾಡಿಯನ್ನು ಸಮತಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಇಂಜಿನು ತಣ್ಣಗಾದ ಮೇಲೆ ಕೆಲಸಕ್ಕೆ ತೊಡಗಬೇಕು. ಬೀಡಿ, ದೀಪ, ಬೆಂಕಿ ಸಮೀಪದಲ್ಲಿರಕೂಡದು.

(2) ಫಿಲ್ಟರಿನ ಸುತ್ತಲಿನ ಧೂಳನ್ನು ಮೊದಲೇ ಚೆನ್ನಾಗಿ ಒರೆಸಬೇಕು. ಬಿಚ್ಚಿದ ಮೇಲೆ ಒರೆಸಿದರೆ ಧೂಳು ಒಳಗೇ ಬೀಳುವುದು.

(3) ಕೆಳಗೆ ಒಂದು ತಟ್ಟೆಯನ್ನಿಟ್ಟು, ತಳದ ತಿರುಪನ್ನು ಸಡಿಲಿಸಿ ಒಳಗಿನ ಡೀಸೆಲನ್ನು ಇಳಿಸಬೇಕು. ನೀರಿನ ಸೂಚಕದ ತಂತಿಯಿದ್ದರೆ ಅದನ್ನು ಮೆಲ್ಲಗೆ ಕಳಚಬೇಕು.

(4) ಹಳೆಯ ಫಿಲ್ಟರನ್ನು ತಿರುಗಿಸಿ ತೆಗೆದು, ಅದರ ರಬ್ಬರ್ ಉಂಗುರವೂ ಜೊತೆಗೇ ಬಂದಿದೆಯೇ ಎಂದು ನೋಡಬೇಕು. ಅದು ಮೇಲೆಯೇ ಅಂಟಿಕೊಂಡಿದ್ದು, ಹೊಸ ಉಂಗುರವು ಅದರ ಮೇಲೆ ಕೂತರೆ ಡೀಸೆಲು ಸೋರುವುದು.

(5) ಹೊಸ ಉಂಗುರಕ್ಕೆ ಶುದ್ಧವಾದ ಡೀಸೆಲನ್ನು ತೆಳ್ಳಗೆ ಸವರಿ, ಫಿಲ್ಟರನ್ನು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಉಂಗುರವು ತಾಗಿದ ಮೇಲೆ ಎಷ್ಟು ಸುತ್ತು ಬಿಗಿಯಬೇಕೆಂಬುದು ಡಬ್ಬಿಯ ಮೇಲೆ ಅಚ್ಚಾಗಿದ್ದರೆ ಅದರಂತೆ ನಡೆಯಬೇಕು. ಅತಿಯಾಗಿ ಬಿಗಿದರೆ ಉಂಗುರವು ಹರಿಯುವುದು.

(6) ತಂತಿಯನ್ನು ಮತ್ತೆ ಕೂಡಿಸಿ, ಕೈಪಂಪಿದ್ದರೆ ಅದು ಗಟ್ಟಿಯಾಗುವ ತನಕ ಒತ್ತಬೇಕು. ವಿದ್ಯುತ್ ಪಂಪಿರುವ ಗಾಡಿಗಳಲ್ಲಿ ಇಂಜಿನನ್ನು ಚಾಲೂ ಮಾಡದೆ ಬೀಗದ ಕೈಯನ್ನು ಹಲವು ಸಲ ತಿರುಗಿಸಿ ಬಿಡಬೇಕು. ಇದರಿಂದ ಒಳಗಿನ ಗಾಳಿಯು ಹೊರಟುಹೋಗುವುದು.

(7) ಇಂಜಿನನ್ನು ಚಾಲೂ ಮಾಡಿ, ಕೆಲವು ನಿಮಿಷ ಓಡಿಸಿ, ಎಲ್ಲಿಯೂ ಸೋರಿಕೆಯಿಲ್ಲವೆಂದು ದೃಢಪಡಿಸಿಕೊಳ್ಳಬೇಕು. ಒಂದೇ ಸಲಕ್ಕೆ ಚಾಲೂ ಆಗದಿದ್ದರೆ ಸ್ಟಾರ್ಟರನ್ನು ಎಡೆಬಿಡದೆ ತಿರುಗಿಸದೆ, ನಡುನಡುವೆ ವಿರಾಮ ಕೊಟ್ಟು ಪ್ರಯತ್ನಿಸತಕ್ಕದ್ದು.

4. ಮುಖ್ಯವಾದ ಎಚ್ಚರಿಕೆಗಳು

ಹೊಸ ಫಿಲ್ಟರಿನೊಳಕ್ಕೆ ಡಬ್ಬದ ಡೀಸೆಲನ್ನು ಸುರಿದು ಕೂಡಿಸುವ ರೂಢಿಯು ಹಲವೆಡೆ ಉಂಟು. ನಡುವಣ ರಂಧ್ರದೊಳಕ್ಕೆ ಸುರಿದ ಡೀಸೆಲು ಕಾಗದವನ್ನು ದಾಟದೆ ನೇರವಾಗಿ ಪಂಪಿಗೂ ಇಂಜೆಕ್ಟರಿಗೂ ಹೋಗುವುದರಿಂದ ಕಾಮನ್ ರೈಲ್ ಇಂಜಿನುಗಳಲ್ಲಿ ಈ ರೂಢಿಯನ್ನು ಬಿಡತಕ್ಕದ್ದು.

ಹಳೆಯ ಇಂಜಿನುಗಳಲ್ಲಿ ಗಾಳಿ ತೆಗೆಯಲು ಇಂಜೆಕ್ಟರಿನ ಕೊಳವೆಯನ್ನು ಸಡಿಲಿಸುತ್ತಿದ್ದುದುಂಟು. ಕಾಮನ್ ರೈಲ್ ಇಂಜಿನಿನಲ್ಲಿ ಹಾಗೆ ಮಾಡುವುದು ಪ್ರಾಣಾಪಾಯಕರ. ಅಲ್ಲಿಂದ ಚಿಮ್ಮುವ ಡೀಸೆಲು ಸೂಜಿಯಂತೆ ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೊಗುವುದು. ಗಾಯವು ಹೊರಗೆ ಸಣ್ಣದಾಗಿ ಕಂಡರೂ ವಿಳಂಬಿಸದೆ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವುಂಟು.

ಹಳೆಯ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಫಿಲ್ಟರಿನ ಬೆಲೆಯನ್ನು ಇಂಜೆಕ್ಟರುಗಳ ರಿಪೇರಿಯ ಖರ್ಚಿನೊಡನೆ ಹೋಲಿಸಿ ನೋಡಿದರೆ ಇದು ತಾನೇ ತಿಳಿಯುವುದು. ಇಳಿಸಿದ ಡೀಸೆಲನ್ನು ಹೊಲ, ಬಾವಿ, ಕಾಲುವೆಗಳಲ್ಲಿ ಚೆಲ್ಲಬಾರದು.

5. ಡೀಸೆಲಿನ ಸಂಗ್ರಹಣೆ

ಟ್ರ್ಯಾಕ್ಟರು, ಪಂಪುಸೆಟ್ಟುಗಳಿಗಾಗಿ ಡ್ರಮ್ಮಿನಲ್ಲಿ ಡೀಸೆಲನ್ನಿಡುವವರು ಅದನ್ನು ನೆರಳಿನಲ್ಲಿ, ಬಾಯಿ ಭದ್ರಪಡಿಸಿ ಇಡಬೇಕು. ಅರ್ಧ ಬರಿದಾದ ಡ್ರಮ್ಮಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವು ಹನಿಗಟ್ಟಿ ತಳ ಸೇರುವುದು; ಆ ನೀರಿನ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುವುದು. ಆದಕಾರಣ ಡ್ರಮ್ಮನ್ನು ಕದಲಿಸದೆ ತಿಳಿಯಾಗಲು ಬಿಟ್ಟು, ತಳದ ನಾಲ್ಕು ಬೆರಳಿನಷ್ಟನ್ನು ಉಳಿಸಿ ಮೇಲಿನದನ್ನು ಮಾತ್ರ ತೆಗೆಯತಕ್ಕದ್ದು. ಸೀಮೆಎಣ್ಣೆಯನ್ನಾಗಲಿ ಹಸಿ ಹೊಂಗೆ ಎಣ್ಣೆಯನ್ನಾಗಲಿ ಬೆರೆಸಕೂಡದು. ಮೊದಲನೆಯದರಲ್ಲಿ ಜಿಡ್ಡು ಸಾಲದು, ಎರಡನೆಯದು ಮಂದವಾದುದರಿಂದ ಫಿಲ್ಟರನ್ನು ಕಟ್ಟುವುದು.

ಗ್ರಾಮದ ಮುಖಂಡರು ತಮ್ಮ ಊರಿನ ಗಾಡಿ ನಡೆಸುವ ಯುವಕರನ್ನು ಸೇರಿಸಿ, ತಿಳಿದ ಮೆಕ್ಯಾನಿಕರೊಬ್ಬರಿಂದ ಈ ಕೆಲಸವನ್ನು ಒಮ್ಮೆ ಮಾಡಿಸಿ ತೋರಿಸಬೇಕು. ಗಾಡಿಯ ಯಜಮಾನರು ಫಿಲ್ಟರು ಬದಲಾಯಿಸಿದ ತಾರೀಖನ್ನೂ ಕಿಲೋಮೀಟರನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಸುಗ್ಗಿಗೆ ಮುಂಚೆ ಆ ಪುಟವನ್ನು ತಪ್ಪದೆ ನೋಡಬೇಕು. ಅರ್ಧ ಗಂಟೆಯ ಈ ಕೆಲಸವು ಒಂದು ಗಾಡಿಯಷ್ಟು ಫಸಲನ್ನು ಉಳಿಸಬಲ್ಲುದು.