ಬಾಟಲಿಯ ಔಷಧ: ಕರಗಿಸುವ ಬಗೆ, ಅಳೆಯುವ ಬಗೆ



ನಮ್ಮ ಕೊಟ್ಟಿಗೆಗಳಲ್ಲಿ ಬಳಕೆಯಾಗುವ ಔಷಧಗಳಲ್ಲಿ ಅನೇಕವು ದ್ರವ ಔಷಧಗಳು. ಹಾಲುಜ್ವರಕ್ಕೆ ಕ್ಯಾಲ್ಸಿಯಂ, ಜಂತುಹುಳುವಿಗೆ ಕುಡಿಸುವ ಔಷಧ, ಕೆಚ್ಚಲು ಬಾವು ತಡೆಯಲು ತೊಟ್ಟು ಅದ್ದುವ ಅಯೋಡಿನ್, ಹುಣ್ಣು ತೊಳೆಯಲು ಪೊಟ್ಯಾಸಿಯಂ ಪರ್ಮಾಂಗನೇಟ್, ಕರುವಿನ ಭೇದಿಗೆ ಓ.ಆರ್.ಎಸ್. ನೀರು ಇವೆಲ್ಲ ಈ ಗುಂಪಿಗೆ ಸೇರಿದವು. ಕೆಲವನ್ನು ವೈದ್ಯರೇ ಕೊಡುತ್ತಾರೆ, ಕೆಲವನ್ನು ನಾವು ಮನೆಯಲ್ಲಿ ಬೆರೆಸಿಕೊಳ್ಳುತ್ತೇವೆ. ಬೆರೆಸುವಾಗ ‘ಒಂದು ಚಿಟಿಕೆ’, ‘ಒಂದು ಮುಚ್ಚಳ’, ‘ಒಂದು ಚೊಂಬು’ ಎಂಬ ಅಂದಾಜೇ ನಮ್ಮ ಅಳತೆ. ಔಷಧ ಒಳ್ಳೆಯದಿದ್ದರೂ ರಾಸು ಗುಣವಾಗದಿರುವುದಕ್ಕೆ, ಒಮ್ಮೊಮ್ಮೆ ಕೈತಪ್ಪಿ ಹೋಗುವುದಕ್ಕೆ ಈ ಅಂದಾಜು ಕಾರಣವಾಗುತ್ತದೆ. ಆದ್ದರಿಂದ ದ್ರವ ಔಷಧವನ್ನು ಹೇಗೆ ತಯಾರಿಸುತ್ತಾರೆ, ನಾವು ಅದನ್ನು ಹೇಗೆ ಅಳೆದು ಬಳಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಾಂಪೌಂಡರ್ ಅಂಟಿಸುತ್ತಿದ್ದ ಕಾಗದದ ಪಟ್ಟಿ

ಹಿಂದೆ ಎಲ್ಲ ಔಷಧಗಳೂ ಇಂದಿನಂತೆ ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತಿರಲಿಲ್ಲ. ಬೆಂಗಳೂರಿನ ಶೇಷಾದ್ರಿಪುರಂ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳ ಡಿಸ್ಪೆನ್ಸರಿಗಳಲ್ಲೂ ನಮ್ಮ ಹೋಬಳಿ ಆಸ್ಪತ್ರೆಗಳಲ್ಲೂ ವೈದ್ಯರು ಚೀಟಿ ಬರೆದರೆ, ಕಾಂಪೌಂಡರ್ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ನೀರನ್ನು ಗಾಜಿನ ಅಳತೆಪಾತ್ರೆಯಲ್ಲಿ ಅಳೆದು ‘ಮಿಕ್ಸ್ಚರ್’ ಮಾಡಿ ಕೊಡುತ್ತಿದ್ದರು. ಬಾಟಲಿಯ ಹೊರಮೈಗೆ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದೊಂದು ಹಲ್ಲು ಒಂದೊಂದು ಹೊತ್ತಿನ ಪ್ರಮಾಣ. ‘ಚೆನ್ನಾಗಿ ಅಲ್ಲಾಡಿಸಿ ಕುಡಿಯಬೇಕು’ ಎಂದು ಹೇಳಿ ಕಳಿಸುತ್ತಿದ್ದರು. ಹಿರಿಯ ಸದಸ್ಯರಿಗೆ ಇದು ನೆನಪಿರಬಹುದು.

ದ್ರವ ಔಷಧದ ಮುಖ್ಯ ನಿಯಮಗಳೆಲ್ಲ ಆ ಬಾಟಲಿಯಲ್ಲೇ ಇದ್ದವು: ಪುಡಿಯನ್ನು ತೂಗಬೇಕು, ನೀರನ್ನು ಅಳೆಯಬೇಕು, ಪ್ರತಿ ಸಲವೂ ಒಂದೇ ಪ್ರಮಾಣ ಬರಬೇಕು, ತಳಕ್ಕೆ ಇಳಿಯುವ ಔಷಧವನ್ನು ಅಲ್ಲಾಡಿಸಬೇಕು.

ಹಾಲಿನಲ್ಲೇ ಇವೆ ಮೂರು ಬಗೆ

ದ್ರವ ಔಷಧಗಳಲ್ಲಿ ಮೂರು ಮುಖ್ಯ ಬಗೆಗಳಿವೆ. ಇವನ್ನು ತಿಳಿಯಲು ನಮ್ಮ ಹಾಲಿಗಿಂತ ಒಳ್ಳೆಯ ಉದಾಹರಣೆ ಬೇಡ.

ಹಾಲಿನ ಸಕ್ಕರೆ ನೀರಿನಲ್ಲಿ ಪೂರ್ತಿ ಕರಗಿದೆ. ಎಷ್ಟು ಹೊತ್ತು ಇಟ್ಟರೂ ಅದು ತಳಕ್ಕೆ ಇಳಿಯುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ಇದು ದ್ರಾವಣ. ಕೇಸೀನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಾಡುತ್ತಿದೆ. ಔಷಧದಲ್ಲಿ ಇದಕ್ಕಿಂತ ದಪ್ಪ ಕಣಗಳು ಹೀಗೆ ತೇಲಾಡುತ್ತಿದ್ದರೆ ಅದನ್ನು ಸಸ್ಪೆನ್ಷನ್ ಎನ್ನುತ್ತಾರೆ. ಅದರ ಕಣ ನಿಧಾನವಾಗಿ ತಳ ಸೇರುತ್ತದೆ. ಕೊಬ್ಬು ಸಣ್ಣ ಹನಿಗಳಾಗಿ ಹರಡಿದೆ, ನಿಲ್ಲಿಸಿದರೆ ಕೆನೆಯಾಗಿ ಮೇಲೆ ಬರುತ್ತದೆ. ಇದು ಎಮಲ್ಷನ್.

ಸಂಘದಲ್ಲಿ ಫ್ಯಾಟ್ ಪರೀಕ್ಷೆಗೆ ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಕಲಕಬೇಕು ಎಂದು ನಾವೇ ಒತ್ತಾಯಿಸುತ್ತೇವೆ. ಕಲಕದಿದ್ದರೆ ಮೇಲಿನ ಹಾಲಿಗೆ ಒಂದು ಫ್ಯಾಟ್, ಕೆಳಗಿನದಕ್ಕೆ ಇನ್ನೊಂದು. ಜಂತುನಾಶಕ ಸಸ್ಪೆನ್ಷನ್‌ನ ಕತೆಯೂ ಇದೇ. ಅಲ್ಲಾಡಿಸದೆ ಕುಡಿಸಿದರೆ ಮೊದಲ ರಾಸಿಗೆ ಸಪ್ಪೆ ನೀರು, ಕೊನೆಯ ಕರುವಿಗೆ ಅತಿಯಾದ ಔಷಧ. ಹಾಲಿನ ಲೆಕ್ಕದಲ್ಲಿ ಇರುವ ಎಚ್ಚರ ಔಷಧದಲ್ಲೂ ಇರಬೇಕು.

ಇನ್ನೊಂದು ಮಾತು. ನಮ್ಮ ರಾಸುಗಳ ರಕ್ತನಾಳಕ್ಕೆ ಕೊಡುವ ಔಷಧ ತಿಳಿಯಾದ ದ್ರಾವಣವೇ ಆಗಿರುತ್ತದೆ. ಹಾಲಿನಂತೆ ಬೆಳ್ಳಗಿರುವ ಪ್ರೊಕೇನ್ ಪೆನ್ಸಿಲಿನ್ ಸಸ್ಪೆನ್ಷನ್ ಮಾಂಸಖಂಡಕ್ಕೆ ಮಾತ್ರ. ಅದು ರಕ್ತನಾಳ ಸೇರಿದರೆ ಪ್ರಾಣಾಪಾಯ. ಚುಚ್ಚುಮದ್ದನ್ನು ವೈದ್ಯರಿಂದಲೇ ಕೊಡಿಸಬೇಕು ಎನ್ನುವುದಕ್ಕೆ ಇದು ಒಂದು ಕಾರಣ.

ಕರಗದ್ದನ್ನು ಕರಗಿಸುವ ಉಪಾಯ

ಔಷಧದ ಪುಡಿಗಳೆಲ್ಲ ಉಪ್ಪಿನಂತೆ ನೀರಿನಲ್ಲಿ ಕರಗುವುದಿಲ್ಲ. ಅಯೋಡಿನ್ ಹರಳನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಸುಮಾರು ಮೂರನೇ ಒಂದು ಗ್ರಾಂ ಮಾತ್ರ ಕರಗುತ್ತದೆ. ಆದರೆ ಮೊದಲು ಸ್ವಲ್ಪ ನೀರಿನಲ್ಲಿ ಪೊಟ್ಯಾಸಿಯಂ ಅಯೋಡೈಡ್ ಎಂಬ ಲವಣವನ್ನು ಕರಗಿಸಿ, ಆಮೇಲೆ ಅಯೋಡಿನ್ ಹಾಕಿದರೆ ಎರಡೂ ಕೂಡಿಕೊಂಡು ಕರಗುತ್ತವೆ. ಫ್ರಾನ್ಸಿನ ವೈದ್ಯ ಲುಗೋಲ್ 1829ರಲ್ಲಿ ಮಾಡಿದ ದ್ರಾವಣ ಇದೇ. ಇಂದಿಗೂ ಅದರಲ್ಲಿ ಶೇ. 5 ಅಯೋಡಿನ್, ಶೇ. 10 ಪೊಟ್ಯಾಸಿಯಂ ಅಯೋಡೈಡ್ ಇರುತ್ತದೆ. ಯಾವುದನ್ನು ಮೊದಲು ಹಾಕಬೇಕು ಎಂಬ ಕ್ರಮವೂ ತಯಾರಿಕೆಯ ಭಾಗ ಎಂಬುದನ್ನು ಗಮನಿಸಿ.

ಹಾಲುಜ್ವರದ ಔಷಧವೂ ಹೀಗೆಯೇ. ಕ್ಯಾಲ್ಸಿಯಂ ಗ್ಲುಕೋನೇಟ್ ತಣ್ಣೀರಿನಲ್ಲಿ ನೂರಕ್ಕೆ ಮೂರು ಭಾಗದಷ್ಟು ಮಾತ್ರ ಕರಗುತ್ತದೆ. ಆ ಲೆಕ್ಕದಲ್ಲಿ ಒಂದು ಹಸುವಿಗೆ ಹಲವು ಲೀಟರ್ ಏರಿಸಬೇಕಾಗುತ್ತದೆ. ಬೋರಿಕ್ ಆಮ್ಲ ಸೇರಿಸಿದಾಗ ಕರಗುವ ಪ್ರಮಾಣ ಹಲವು ಪಟ್ಟು ಹೆಚ್ಚುತ್ತದೆ. ಹೀಗಾಗಿಯೇ ಬೇಕಾದಷ್ಟು ಕ್ಯಾಲ್ಸಿಯಂ 450 ಮಿ.ಲೀ.ನ ಒಂದು ಬಾಟಲಿಯಲ್ಲಿ ಅಡಗಿದೆ. ಇದೇ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್.

ಕರಗಿಸುವ ದ್ರವದ ಮೇಲೂ ಕಣ್ಣಿರಲಿ

1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧ ನೀರಿನಲ್ಲಿ ಸರಿಯಾಗಿ ಕರಗದೆಂದು ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ಔಷಧ ಸರಿಯಾಗಿಯೇ ಇತ್ತು, ಕರಗಿಸಿದ ದ್ರವ ವಿಷವಾಗಿತ್ತು. ನೂರಕ್ಕೂ ಹೆಚ್ಚು ಜನ, ಅದರಲ್ಲೂ ಬಹಳ ಮಕ್ಕಳು, ಮೂತ್ರಪಿಂಡ ಕೆಟ್ಟು ಸತ್ತರು. ನಮ್ಮ ದೇಶದಲ್ಲೂ 1986ರಲ್ಲಿ ಮುಂಬಯಿಯಲ್ಲಿ ಗ್ಲಿಸರಿನ್‌ನಲ್ಲಿ ಇದೇ ವಿಷ ಸೇರಿ 14 ರೋಗಿಗಳು ಪ್ರಾಣ ಕಳೆದುಕೊಂಡರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಕೆಮ್ಮಿನ ಸಿರಪ್‌ನಲ್ಲಿ ಮತ್ತೆ ಅದೇ ಕಂಡುಬಂತು.

ಇದರಿಂದ ನಾವು ಕಲಿಯುವುದೂ ಇದೆ. ಕರು ಹಾಕಿದ ಮೇಲೆ ಮೇವು ಬಿಟ್ಟು ಸೊರಗುವ ಕೀಟೋಸಿಸ್ ರೋಗಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುತ್ತಾರೆ. ಅದು ಔಷಧ. ವಾಹನದ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಘೋರ ವಿಷ. ಹೆಸರು ಹತ್ತಿರ ಹತ್ತಿರ, ಎರಡೂ ಸಿಹಿ, ಎರಡೂ ಮಂದ. ಲೇಬಲ್ ಇಲ್ಲದ, ಬಿಡಿಯಾಗಿ ಸಿಗುವ ಯಾವ ‘ಗ್ಲೈಕಾಲ್’ಅನ್ನೂ ರಾಸಿಗೆ ಕುಡಿಸಕೂಡದು.

ರಕ್ತನಾಳಕ್ಕೆ ಏರಿಸುವ ದ್ರಾವಣದಲ್ಲಂತೂ ಶುದ್ಧತೆ ಪ್ರಾಣದ ಪ್ರಶ್ನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು, ಆ ತಯಾರಕರ ದ್ರಾವಣದ ಬಳಕೆಯನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನಮಗೂ ಇರಲಿ. ಮಬ್ಬು, ಎಳೆ, ಹರಳು, ಬಿರುಕು ಏನು ಕಂಡರೂ ವೈದ್ಯರಿಗೆ ತೋರಿಸಿ. ಅಂಥ ಬಾಟಲಿ ಬೇಡ.

ಹಾಲುಜ್ವರದ ಬಾಟಲಿ: ನಿಧಾನವೇ ಪ್ರಧಾನ

ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಹತ್ತು ಲೀಟರ್ ಕರೆದರೆ 20 ಗ್ರಾಂ. ಆದರೆ ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 3 ಗ್ರಾಂ ಮಾತ್ರ. ಮೂಳೆಯಿಂದ, ಮೇವಿನಿಂದ ಅಷ್ಟು ಬೇಗ ತುಂಬಿಕೊಳ್ಳಲಾಗದೆ ಹಸು ಕತ್ತು ತಿರುಗಿಸಿ ಮಲಗಿಬಿಡುತ್ತದೆ.

ಬಾಟಲಿಯಲ್ಲಿರುವುದು ಸುಮಾರು 8ರಿಂದ 9 ಗ್ರಾಂ ಕ್ಯಾಲ್ಸಿಯಂ. ಅಂದರೆ ರಕ್ತದಲ್ಲಿ ಇರುವುದರ ಮೂರು ಪಟ್ಟು. ಅದನ್ನು ಅವಸರದಲ್ಲಿ ಏರಿಸಿದರೆ ಹೃದಯ ನಿಂತುಹೋಗುತ್ತದೆ. ಆದ್ದರಿಂದಲೇ ವೈದ್ಯರು ಬಾಟಲಿಯನ್ನು ಮೈಬಿಸಿಗೆ ಬೆಚ್ಚಗೆ ಮಾಡಿ, ಎದೆಬಡಿತ ಆಲಿಸುತ್ತ ನಿಧಾನವಾಗಿ ಕೊಡುತ್ತಾರೆ. ‘ಬೇಗ ಮುಗಿಸಿ ಸ್ವಾಮಿ’ ಎಂದು ಅವಸರಪಡಿಸಬೇಡಿ.

ವೈದ್ಯರು ಬರುವ ಮುಂಚೆ ಮಲಗಿದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಕೂಡದು. ಹಾಲುಜ್ವರ ಬಂದ ಹಸುವಿಗೆ ನುಂಗುವ ಶಕ್ತಿ ಇರುವುದಿಲ್ಲ. ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದು, ಹಾಲುಜ್ವರ ವಾಸಿಯಾದರೂ ನ್ಯುಮೋನಿಯಾದಿಂದ ಹಸು ಸಾಯುತ್ತದೆ. ಅದನ್ನು ಎದೆಯ ಮೇಲೆ ಕೂರುವಂತೆ ಹುಲ್ಲಿನ ಚೀಲಗಳ ಆಸರೆ ಕೊಟ್ಟು ಕಾಯಿರಿ.

ಶೇಕಡಾ ಲೆಕ್ಕ

ಪುಡಿಯನ್ನು ನೀರಿನಲ್ಲಿ ಕರಗಿಸಿದಾಗ ‘ಶೇ. 1’ ಎಂದರೆ 100 ಮಿ.ಲೀ. ದ್ರಾವಣದಲ್ಲಿ 1 ಗ್ರಾಂ, ಅಂದರೆ ಲೀಟರಿಗೆ 10 ಗ್ರಾಂ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರು ಸೇರಿಸಿ ಲೀಟರ್ ಗುರುತಿಗೆ ತರಬೇಕು.

1. ಕಾಲುಬಾಯಿ ಜ್ವರದ ಹುಣ್ಣು ತೊಳೆಯಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸಾವಿರಕ್ಕೆ ಒಂದು ಭಾಗ, ಅಂದರೆ ಲೀಟರಿಗೆ 1 ಗ್ರಾಂ. ಹರಳು ಕರಗದೆ ಉಳಿದರೆ ಹುಣ್ಣನ್ನು ಸುಡುತ್ತದೆ. ಅಂಗಡಿಯಲ್ಲೇ ತೂಗಿಸಿ ಸಣ್ಣ ಪೊಟ್ಟಣ ಕಟ್ಟಿಸಿಕೊಳ್ಳಿ.

2. ಅದೇ ರೋಗ ಬಂದ ಕೊಟ್ಟಿಗೆಯ ನೆಲ ತೊಳೆಯಲು ವಾಷಿಂಗ್ ಸೋಡಾ ಶೇ. 4. ಹತ್ತು ಲೀಟರ್ ಬಕೆಟ್ಟಿಗೆ 400 ಗ್ರಾಂ.

3. ಗಟ್ಟಿ ದ್ರಾವಣವನ್ನು ತೆಳು ಮಾಡಲು: ಬೇಕಾದ ಶೇಕಡಾವನ್ನು ಬೇಕಾದ ಮಿ.ಲೀ.ನಿಂದ ಗುಣಿಸಿ, ಕೈಯಲ್ಲಿರುವ ಶೇಕಡಾದಿಂದ ಭಾಗಿಸಿ. ಶೇ. 10ರ ಪೊವಿಡೋನ್ ಅಯೋಡಿನ್‌ನಿಂದ ಶೇ. 5ರದು 500 ಮಿ.ಲೀ. ಬೇಕಿದ್ದರೆ 5 × 500 ÷ 10 = 250 ಮಿ.ಲೀ. ಔಷಧ, ಉಳಿದ 250 ಮಿ.ಲೀ. ಶುದ್ಧ ನೀರು. ಶೇ. 5ರ ಪೊವಿಡೋನ್ ಅಯೋಡಿನ್‌ನಲ್ಲಿ ಕೆಲಸ ಮಾಡುವ ಅಯೋಡಿನ್ ಶೇ. 0.5 ಮಾತ್ರ. ತೊಟ್ಟು ಅದ್ದಲು ಶೇ. 0.5 ಅಯೋಡಿನ್ ಎಂದು ಹೇಳಿದರೆ ಇದೇ ಎಂದು ತಿಳಿಯಿರಿ. ಹತ್ತು ಪಟ್ಟು ತಪ್ಪು ಆಗುವುದು ಇಲ್ಲೇ.

4. 300 ಕೆ.ಜಿ. ಹಸುವಿಗೆ ಆಲ್ಬೆಂಡಜೋಲ್ ಕೆ.ಜಿ.ಗೆ 7.5 ಮಿ.ಗ್ರಾಂನಂತೆ ವೈದ್ಯರು ಬರೆದರೆ ಬೇಕಾದ್ದು 2,250 ಮಿ.ಗ್ರಾಂ. ಶೇ. 2.5ರ ಬಾಟಲಿಯಾದರೆ 90 ಮಿ.ಲೀ., ಶೇ. 10ರದಾದರೆ 22.5 ಮಿ.ಲೀ. ‘ಹೋದ ಸಲ ಇಷ್ಟೇ ಕುಡಿಸಿದ್ದೆ’ ಎಂಬ ಲೆಕ್ಕ ಬೇಡ, ಲೇಬಲ್ ನೋಡಿ. ಗಬ್ಬದ ಆರಂಭದಲ್ಲಿರುವ ಹಸುವಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡಲೇಕೂಡದು.

ಕರುವಿನ ಭೇದಿಗೆ ಓ.ಆರ್.ಎಸ್.

ಕರು ಭೇದಿಯಿಂದ ಸಾಯುವುದು ಬಹುಪಾಲು ಮೈಯ ನೀರು, ಲವಣ ಬಸಿದುಹೋಗಿ. 40 ಕೆ.ಜಿ. ಕರು ತನ್ನ ತೂಕದ ಶೇ. 8ರಷ್ಟು ನೀರು ಕಳೆದುಕೊಂಡರೆ ಅದು 3.2 ಲೀಟರ್. ಉಪ್ಪು ಮತ್ತು ಗ್ಲೂಕೋಸ್ ಜೊತೆಗಿದ್ದರೆ ಕರುಳು ಅವೆರಡನ್ನೂ, ಜೊತೆಗೆ ನೀರನ್ನೂ ಒಳಗೆಳೆದುಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಈ ನೀರನ್ನು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು.

ಒಂದು ಲೀಟರಿನ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಇದು ಮನುಷ್ಯರ ಲೆಕ್ಕ. ಕರುಗಳಿಗೆಂದೇ ತಯಾರಿಸಿದ ಪುಡಿ ಮೇಲು, ಸಿಗದಿದ್ದರೆ ಇದು ಸದ್ಯಕ್ಕೆ ಆಸರೆ. 200 ಮಿ.ಲೀ.ನ ಸಣ್ಣ ಪೊಟ್ಟಣವೂ ಬರುತ್ತದೆ. ಸಣ್ಣದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ, ದೊಡ್ಡದನ್ನು ಚೊಂಬಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಕರುವಿಗೆ ವಿಷವಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಬೆರೆಸಿ, ಅಂದೇ ಮುಗಿಸಿ. ಹಾಲನ್ನು ನಿಲ್ಲಿಸಬೇಡಿ, ಆದರೆ ಎರಡನ್ನೂ ಒಟ್ಟಿಗೆ ಬೆರೆಸದೆ ಬೇರೆ ಬೇರೆ ಹೊತ್ತಿಗೆ ಕೊಡಿ. ಕರು ಚೀಪದಷ್ಟು ಸುಸ್ತಾಗಿದ್ದರೆ ಕೂಡಲೇ ವೈದ್ಯರನ್ನು ಕರೆಸಿ.

ನೆನಪಿಡಬೇಕಾದ ಅಂಶಗಳು

* ಒಂದು ಲೀಟರ್ ಮತ್ತು 100 ಮಿ.ಲೀ. ಗುರುತಿರುವ ಎರಡು ಅಳತೆಪಾತ್ರೆ ಔಷಧಕ್ಕೆಂದೇ ಇಡಿ.
* ಎರಡು ಬಾಟಲಿಯ ಔಷಧ ಬೆರೆಸಬೇಡಿ. ಕ್ಯಾಲ್ಸಿಯಂಗೆ ಸೋಡಿಯಂ ಬೈಕಾರ್ಬನೇಟ್ ಸೇರಿದರೆ ಸುಣ್ಣದಂತೆ ಗಟ್ಟಿಕಟ್ಟುತ್ತದೆ.
* ಅಯೋಡಿನ್, ಪರ್ಮಾಂಗನೇಟ್ ಬಿಸಿಲಿಗೆ ಕೆಡುತ್ತವೆ. ಪರ್ಮಾಂಗನೇಟ್ ನೀರು ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ.
* ತಂಪು ಪಾನೀಯದ ಬಾಟಲಿಯಲ್ಲಿ ಔಷಧ ತುಂಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದಾರೆ.
* ಔಷಧ ಕೊಟ್ಟ ದಿನ, ಗಂಟೆ ಬರೆದಿಡಿ. ಲೇಬಲ್ ಅಥವಾ ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಬ್ಬರ ಕ್ಯಾನಿನ ಹಾಲಿನಿಂದ ಇಡೀ ಟ್ಯಾಂಕರಿನ ಹಾಲು ಕೆಡಬಾರದು.

ಹಳೆಯ ಕಾಂಪೌಂಡರ್ ಈಗಿಲ್ಲ, ಆ ಕಾಗದದ ಪಟ್ಟಿಯೂ ಇಲ್ಲ. ಅದರ ಬದಲು ಲೇಬಲ್ ಇದೆ. ಓದಲು ಆಗದಿದ್ದರೆ ಶಾಲೆಗೆ ಹೋಗುವ ಮಗುವಿನಿಂದಲೋ ಸಂಘದ ಕಾರ್ಯದರ್ಶಿಯಿಂದಲೋ ಓದಿಸಿ ಕೇಳಿ, ಅಳೆದು ಬಳಸಿ.